ಆಚೆ ಗುಡ್ಡದ ಅಕ್ಕ

"ಯಾರಮ್ಮಾ ಅದು?" ಎಂದಳು ಅಕ್ಕ. ತಂಗಿ ಹೊಸ್ತಿಲಲ್ಲೇ, ಒಂದು ಮಾರು ದೂರದಲ್ಲಿ, ನಗುತ್ತ ನಿಂತಿದ್ದಳು.

"ತಮಾಷೆ ಸಾಕು ಕಣೇ ಅಕ್ಕಾ, ನಾನು!"

ಇಬ್ಬರ ಗುಡ್ಡಗಳ ನಡುವಿನ ಕಮರಿಗೆ ಅಂದು ಬೆಳಿಗ್ಗೆಯಷ್ಟೇ ತೂಗುಸೇತುವೆ ತೆರೆದಿತ್ತು. ಸುತ್ತುದಾರಿಗೆ ಎರಡು ದಿನ ಹಿಡಿಯುತ್ತಿದ್ದುದರಿಂದ ಏಳು ವರ್ಷ ಅವರು ತಂತಮ್ಮ ಅಂಗಳದಲ್ಲಿ ನಿಂತು ಕೂಗಿಯೇ ಮಾತಾಡಿದ್ದರು. ಮೊನ್ನೆ ತಂಗಿ ಶಾಲೊಂದನ್ನು ಎತ್ತಿ ಹಿಡಿದು, "ಹೊಸ ಶಾಲು, ಹೇಗಿದೆಯೇ?" ಎಂದಾಗ, "ನಿನಗೆ ಬಹಳ ಒಪ್ಪುತ್ತೆ!" ಎಂದು ಅಕ್ಕ ಊರಿಗೆಲ್ಲ ಕೇಳುವಂತೆ ಕೂಗಿದ್ದಳು.

ಈಗ ಅಕ್ಕ ಗೋಡೆ ಸವರುತ್ತ ಬಂದು ಅವಳ ಮುಖ ತಡವಿದಳು. "ಕಣ್ಣು ಹೋಗಿ ಎರಡು ವರ್ಷ ಆಯ್ತು ಕಣೇ."

"ನನಗೊಂದು ಮಾತು ಹೇಳಬಾರದಿತ್ತಾ?"

"ಕೂಗಿ ಹೇಳೋ ಮಾತೇನೇ ಅದು?"

ಅಕ್ಕನ ಬೆರಳುಗಳು ತಂಗಿಯ ಹೆಗಲಿಗಿಳಿದು ಅಂಚೊಂದನ್ನು ಹಿಡಿದವು. "ಇದೇ ಏನೇ ಆ ಶಾಲು? ಯಾವ ಬಣ್ಣದ್ದು?"