ಸೇಂಟ್ ಲೂಯಿಸ್‌ಗೆ ಎರಡು ಟಿಕೆಟ್

ಎಪ್ಪತ್ತೆರಡರ ತಾಯಿಯನ್ನು ಬಿಟ್ಟು ಪಕ್ಕದಲ್ಲಿದ್ದ ಮಗನಿಗೇ ಹೇಳಿದ ಟ್ರಾವೆಲ್ ಏಜೆಂಟ್: “ಶಿಕಾಗೋವರೆಗೆ ವಿಮಾನ. ಅಲ್ಲಿಂದ ಸೇಂಟ್ ಲೂಯಿಸ್‌ಗೆ ಇನ್ನೊಂದು ವಿಮಾನ ಹಿಡೀಬಹುದು. ರೈಲಿದೆ, ಬಸ್ಸೂ ಇದೆ.”

“ರೈಲು,” ಎಂದರು ತಾಯಿ. “ಮಿಸಿಸಿಪ್ಪಿ ಹೊಳೆ ಕಾಣ್ಬೇಕು.”

“ಐದು ಗಂಟೆ ಅಜ್ಜಿ! ಕಾಲು ಹಿಡ್ಕೊಳ್ಳುತ್ತೆ.”

“ಯಾರ ಕಾಲು?”

ಮಗ ಮಂಡಿ ನೀವಿಕೊಂಡ.

ಏಜೆಂಟ್ ನಕ್ಕ. “ಏರ್‌ಪೋರ್ಟಲ್ಲಿ ವೀಲ್‌ಚೇರ್ ಹಾಕಿಸ್ತೀನಿ. ಮಗಳ ಬಾಣಂತನಕ್ಕೆ ಹೋಗೋ ಅಮ್ಮಂದಿರೆಲ್ಲ ತಗೋತಾರೆ.”

“ನಂಗೆ ಬಾಣಂತನಾನೂ ಇಲ್ಲ, ವೀಲ್‌ಚೇರೂ ಬೇಡ!”

“ಇರ್ಲಿ ಬಿಡಮ್ಮಾ, ಒಂದು ಬರ್ಕೊಳ್ಲಿ,” ಎಂದ ಮಗ ಸಣ್ಣ ದನಿಯಲ್ಲಿ.

ತಾಯಿ ನಿಟ್ಟುಸಿರಿಟ್ಟರು. “ಸರಿ, ಇವನ ಹೆಸರಲ್ಲಿ ಒಂದು ಬರ್ಕೊಳಪ್ಪ. ಜೊತೆಗೆ ಬಂದೇ ಬರ್ತೀನಿ ಅಂತಾನೆ. ನಾನಲ್ಲಿ ಅಜ್ಜಿಯರ ನೂರು ಮೀಟರ್ ಓಟಕ್ಕೆ ಹೋಗ್ತಿರೋದು.”