ಕೌದಿಯ ಹಳದಿ ಚುಕ್ಕಿ

"ಆ ಚುಕ್ಕಿ ಬಿಚ್ಚು," ಅಂದ ಹುಸೇನಸಾಬ, ಚಪ್ಪಲಿ ಕಳೆಯದೆ ಅಂಗಳದಲ್ಲೇ ನಿಂತು.

ಬೇವಿನ ನೆರಳಿನಲ್ಲಿ ಕೌದಿ ಹಾಸಿಕೊಂಡು ಕೂತಿದ್ದ ಅವನ ಹೆಂಡತಿ ಖಾಸೀಂಬಿ ತಲೆ ಎತ್ತಲಿಲ್ಲ. ಮೂರು ಮೂಲೆ ಮುಗಿದಿದ್ದವು. ನಾಲ್ಕನೆಯದನ್ನು ನಾಲ್ಕು ಬೆರಳಷ್ಟು ತೆರೆದು ಬಿಟ್ಟಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಅಲ್ಲಿ ಒಂದು ಚೂರು ರೊಟ್ಟಿ ಇಟ್ಟು ಬಾಯಿ ಹೊಲಿಯುವುದು ಜೇವರ್ಗಿಯ ಆ ಓಣಿಯ ಹೆಂಗಸರ ರೂಢಿ. ರೊಟ್ಟಿಯ ಚೂರು ಪಕ್ಕದ ತಾಟಿನಲ್ಲಿ ಕಾಯುತ್ತಿತ್ತು. ಸಂಜೆಯ ಬಸ್ಸಿಗೆ ಕೌದಿ ಕೊಳಕೂರಿಗೆ ಹೋಗಬೇಕು. ಅಲ್ಲಿ ಮಗಳು ಬಾನುಬಿಯ ಎರಡನೆಯ ಕೂಸಿಗೆ ನಾಳೆ ನಲವತ್ತು ದಿನ.

"ಯಾವ ಚುಕ್ಕಿರಿ?" ಅಂದಳು, ತಿಳಿದೂ.

ಕೌದಿಯ ನಟ್ಟನಡುವೆ ಕೆಂಪು ಬಟ್ಟೆ, ಅದರ ಮೇಲೆ ಅಂಗೈ ಅಗಲದ, ಐದು ತುದಿಯ ಹಳದಿ ನಕ್ಷತ್ರದ ಚುಕ್ಕಿ. ಮೊಮ್ಮಕ್ಕಳ ಕೌದಿಯಲ್ಲಿ ಅಜ್ಜನ ಬಟ್ಟೆ ಒಂದು ತುಂಡಾದರೂ ಇರಬೇಕು. ಅವನ ಅಂಗಿಗಳೆಲ್ಲ ಹಿಡಿದರೆ ಹರಿಯುವಂತಿದ್ದವು. ಅದಕ್ಕೇ ಅವನ ಮಿಲಿಟರಿ ಸಂದೂಕಿನ ತಳದಲ್ಲಿ ಮಡಚಿಟ್ಟಿದ್ದ ಇದನ್ನು ತೆಗೆದು ನಡುವೆ ಕೂರಿಸಿದ್ದಳು.

ಜೊತೆಗೆ ಹೊಲಿಯುತ್ತಿದ್ದ ನೆರೆಮನೆಯ ಮಲ್ಕಮ್ಮ ನಕ್ಕಳು. "ಬಿಚ್ಚಂದ್ರ ಹ್ಯಾಂಗಣ್ಣಾ? ದೊಡ್ಡ ಸಾಹೇಬ್ರು ಲಡಾಯ್ಯಾಗ ಕೊಟ್ಟ ಇನಾಮಂತ ಅಕ್ಕ ಓಣಿಗೆಲ್ಲ ಸಾರ್ಯಾಳ. ಹದಿನೈದು ದಿನದಿಂದ ನಿನ್ನ ಶೂರತನದ ಸುತ್ತ ಟಾಕಿ ಹಾಕಿ ನನ್ನ ಬಟ್ಟು ತೂತು ಬಿದ್ದಾವ."

"ನಾ ಯಾವಾಗ ಇನಾಮಂದೆ?"

"ಮತ್ತೇನಂತ ತಿಳೀಬೇಕ್ರಿ?" ಅಂದಳು ಖಾಸೀಂಬಿ. "ಹತ್ರ ಬಂದ್ರ ಸಂದೂಕ ಮುಚ್ತಿದ್ರಿ. ಮೂವತ್ತು ವರ್ಷದಾಗ ಒಮ್ಮಿ ಬಾಯಿ ಬಿಟ್ಟೀರೇನು? ಈಗ ಬಿಚ್ಚಿದ್ರ ಕೆಳಗಿನ ಕೆಂಪು ಬಟ್ಟಿ ಹರದು ನಟ್ಟನಡುವ ತೂತು. ತೂತಿನ ಕೌದಿ ಕೂಸಿಗೆ ಒಯ್ಯಾಕಿ ಅಲ್ಲ ನಾ. ಏನಾಗ್ಯದ ಮೊದಲ ಹೇಳ್ರಿ, ಆಮ್ಯಾಲ ಕತ್ರಿ ಹಿಡೀತೀನಿ."

ಹುಸೇನಸಾಬ ಕಟ್ಟೆಯ ಮೇಲೆ ಕೂತ. ಎಪ್ಪತ್ತೈದರ ಮೇ ತಿಂಗಳ ಬಿಸಿಲಿಗೆ ಮುಖ ಕರ್ರಗಾಗಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾಸ್ತರರು ಪೇಪರು ಓದಿ ಹೇಳುತ್ತಿದ್ದರು: ವಿಯೆಟ್ನಾಂ ಗೆದ್ದಿತು, ಸೈಗಾನಿನಿಂದ ಅಮೆರಿಕದವರು ಕಾಲು ಕಿತ್ತರು. ಚಿತ್ರದಲ್ಲಿ ಟ್ಯಾಂಕಿನ ಮೇಲೆ ಬಾವುಟ ಹಾರುತ್ತಿತ್ತು. ಪೇಪರಿಗೆ ಬಣ್ಣವಿರಲಿಲ್ಲ. ಚುಕ್ಕಿ ಇತ್ತು. ಹದಿನೈದು ದಿನ ಕೌದಿಯಲ್ಲಿ ಅದೇ ಚುಕ್ಕಿ ಕಂಡೂ ಕಾಣದಂತಿದ್ದವನು ಅರ್ಧ ಚಹಾ ಬಿಟ್ಟು ಎದ್ದು ಬಂದಿದ್ದ.

"ದೊಡ್ಡ ಲಡಾಯಿ ಮುಗದ ವರ್ಷ ಇಂಗ್ಲೀಷರು ನಮ್ಮನ್ನ ಆ ಸೈಗಾನಿಗೆ ಒಯ್ದ್ರು," ಅಂದ. "ಸೋತ ಜಪಾನಿನವರ ಬಂದೂಕ ಕಸಗೊಳ್ಳೂದು, ಇಷ್ಟ ಕೆಲಸ ಅಂದ್ರು. ಹೋಗಿ ನೋಡಿದ್ರ ಆ ಮಂದಿ, ನಮ್ಮ ರಾಜ್ಯ ನಾವ ಆಳ್ತೀವಂತ, ಮನಿಮನಿಗೆ ಈ ಬಾವುಟ ಕಟ್ಟಿದ್ರು. ಮೊದಲ ಅವರನ್ನ ಆಳ್ತಿದ್ದ ಫ್ರೆಂಚರಿಗೆ ಅದು ಸೇರಲಿಲ್ಲ. ಫ್ರೆಂಚ್ ಸೋಲ್ಜರನ್ನ ಲಾರ್ಯಾಗ ತುಂಬಿ ಓಣಿಓಣಿಗೆ ಇಳಸು ಅಂತ ನನಗ ಹುಕುಂ ಆತು."

"ಇಳಿಸಿದ್ರಿ?"

"ಲಾರಿ ನಡಸಾವ ನಾ. ಇಳಿಸಿದೆ."

ಮಲ್ಕಮ್ಮನ ಸೂಜಿ ನಿಂತಿತು.

"ಒಂದು ಬಾಜಾರದ ಬಾಗಿಲಿಗೆ ಒಬ್ಬಾಕಿ ಅಡ್ಡ ನಿಂತಳು. ನಿನ್ನ ವಾರಿಗಿ. ಉಣ್ಣಾಕಿಲ್ಲದ ವರ್ಷ ಅದು, ಕೈ ನೋಡಿದ್ರ ಜ್ವಾಳದ ದಂಟು. ನನ್ನ ನೋಡಿದಳು. ಹಿಂದ ಕುಂತ ಬಿಳೇ ಮಂದೀನ ನೋಡಿದಳು. ತನ್ನ ಎರಡೂ ಮುಂಗೈ ಜೋಡಿಸಿ, ಹಗ್ಗ ಹಾಕಿ ಕಟ್ಟಿದಂಗ ಮಾಡಿ ತೋರಿಸಿದಳು. ಒಮ್ಮಿ ತನ್ನ ಕಡೆ ಬಟ್ಟು ಮಾಡಿದಳು, ಒಮ್ಮಿ ನನ್ನ ಕಡೆ. ಆಕಿ ಭಾಷಿ ನನಗ ಬರ್ತಿರಲಿಲ್ಲ. ಬೇಕಾಗಲೂ ಇಲ್ಲ."

"ಆಮ್ಯಾಲ?"

"ಎಳದು ಒಯ್ದ್ರು. ಎಲ್ಲಿಗಂತ ನಾ ಕೇಳಲಿಲ್ಲ. ಬಾಗಿಲದಾಗಿನ ಬಾವುಟ ಹರದು ಒಬ್ಬ ಸೋಲ್ಜರ ನನ್ನ ಮ್ಯಾಲ ಒಗದ, ಲಾರಿ ಗಾಜು ಒರಸಾಕ. ಒರಸಾಕ ಆಗಲಿಲ್ಲ. ಬಿಸಾಡಾಕೂ ಆಗಲಿಲ್ಲ." ಅವನು ಚಪ್ಪಲಿ ನೋಡಿಕೊಂಡ. "ಫ್ರೆಂಚರು ಹೋದ್ರು, ಅಮೆರಿಕದವ್ರು ಬಂದ್ರು. ಮೂವತ್ತು ವರ್ಷದ ಲಡಾಯಿ ಅಂತ ಮಾಸ್ತರ ಓದಿದ್ರು. ಅದರ ಶುರುವಾತಿನ ಲಾರಿ ನಂದು, ಖಾಸೀಂ. ಅದನ್ನ ಕೂಸಿನ ಮ್ಯಾಲ ಹೊದಿಸಿ, ನಿಮ್ಮಜ್ಜ ಶೂರ ಅಂತ ಹೇಳಬ್ಯಾಡ."

ಮಲ್ಕಮ್ಮ ಕತ್ತರಿಯನ್ನು ಗೆಳತಿಯ ಮುಂದೆ ಸರಿಸಿದಳು. ಖಾಸೀಂಬಿ ಚುಕ್ಕಿಯ ಒಂದು ತುದಿಯ ದಾರ ಕತ್ತರಿಸಿದಳು. ಐದು ಟಾಕಿ ಬಿಚ್ಚಿದವು. ಅಲ್ಲಿಗೆ ಕತ್ತರಿ ಕೆಳಗಿಟ್ಟಳು.

"ಯಾಕಕ್ಕಾ, ಉಳದ ನಾಕು ತುದಿ?"

"ಇದು ಮಂದೀದು, ಮಲ್ಕಮ್ಮಾ. ತಗದು ಮತ್ತ ಸಂದೂಕದಾಗ ಮುಚ್ಚಿಟ್ರ ಇವರಿಗೆ ನಿದ್ದಿ ಬರ್ತದೇನು? ಕೌದ್ಯಾಗ ಜ್ವಾಕಿಲೆ ಇರ್ಲಿ. ಇನಾಮಲ್ಲ, ಇಂಥಾಕಿ ಕಡಿಂದ ಬಂದದ್ದಂತ ಬಾನುಗ ನಾನ ಹೇಳ್ತೀನಿ. ಇವರು ಹೇಳಿದ್ದಷ್ಟೂ ಹೇಳ್ತೀನಿ."

ಆಮೇಲೆ ತಾಟಿನ ರೊಟ್ಟಿಯ ಚೂರನ್ನು ಕೈಗೆತ್ತಿಕೊಂಡಳು. ತೆರೆದಿಟ್ಟ ಮೂಲೆಯ ಕಡೆ ಕೈ ಹೋಗಲಿಲ್ಲ. ಬಿಚ್ಚಿದ ತುದಿಯಲ್ಲಿ ಬೆರಳು ತೂರಿಸಿ, ರೊಟ್ಟಿಯನ್ನು ಹಳದಿ ಚುಕ್ಕಿಯ ಕೆಳಗೆ ನಡುವಿನವರೆಗೂ ದೂಡಿ, ಮೇಲಿಂದ ಅಂಗೈಯಲ್ಲಿ ಒಮ್ಮೆ ಸವರಿದಳು. "ಉಪಾಸ ಇದ್ದಾಕಿ ಪಾಲು ಇದು. ಈ ಬಾಯಿ ನೀವ ಹೊಲೀರಿ," ಅಂದು ಸೂಜಿಯನ್ನೂ ದಾರವನ್ನೂ ಗಂಡನ ಕೈಗೆ ಕೊಟ್ಟಳು.

ಲಾರಿ ನಡೆಸಿದ ಆ ಕೈ ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಸೂಜಿಯ ಕಣ್ಣಿಗೆ ದಾರ ಹೊಕ್ಕಿತು.