ಖುದ್ದಾಗಿ ಬರಬೇಕು

ಮನರಂಜನಾ ಪಾರ್ಕಿನ ಬಾಗಿಲವರೆಗೂ ಬಂದು ಅವನು ಕಾರಿನಿಂದ ಇಳಿಯಲಿಲ್ಲ. "ನೀವಿಬ್ರೂ ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ" ಎಂದು ಸ್ಟಿಯರಿಂಗ್ ಹಿಡಿದು ಕೂತುಬಿಟ್ಟ. ಎಂಜಿನ್ ಆರಿಸಿಯಾಗಿತ್ತು, ಕೈ ಮಾತ್ರ ಸಡಿಲವಾಗಲಿಲ್ಲ. ಗೋಡೆಯಾಚೆ ಎತ್ತರದ ಕಂಬಿಗಳ ಮೇಲೆ ಆಟದ ರೈಲೊಂದು ಧಡಧಡನೆ ಉರುಳಿತು. ಅದರ ಬೆನ್ನಿಗೇ ಅದರಲ್ಲಿ ಕೂತವರ ಕಿರುಚಾಟ. ಅವನ ಭುಜಗಳು ಕಿವಿಯವರೆಗೆ ಏರಿದವು.

ಹೆಂಡತಿ ವಾದಕ್ಕಿಳಿಯಲಿಲ್ಲ. ಅವನು ಸೈನ್ಯದಿಂದ ಮನೆಗೆ ಮರಳಿ ಎರಡು ವರ್ಷವಾಗಿತ್ತು. ಮದುವೆಮನೆ, ಸಿನಿಮಾ, ಮಗಳ ಶಾಲೆಯ ವಾರ್ಷಿಕೋತ್ಸವ, ಜನ ಸೇರುವ ಯಾವ ಜಾಗಕ್ಕೂ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಅವಳು ಬೇಡಿಕೊಂಡಾಗಿತ್ತು, ಜಗಳವಾಡಿಯಾಗಿತ್ತು, ಮಾತು ಬಿಟ್ಟೂ ಆಗಿತ್ತು. ಇವತ್ತು ಮಗಳ ಹುಟ್ಟುಹಬ್ಬ. ಏನಾದರಾಗಲಿ, ಅವನನ್ನು ಒಳಗೆ ಕರೆದುಕೊಂಡು ಹೋಗಿಯೇ ತೀರುವುದೆಂದು ಅವಳು ಮನೆಯಲ್ಲೇ ನಿಶ್ಚಯಿಸಿಕೊಂಡು ಹೊರಟಿದ್ದಳು. "ನಿಮ್ಮ ಸೈನ್ಯದ ಕಾರ್ಡ್ ಕೊಡಿ, ಟಿಕೆಟ್‌ಗೆ ರಿಯಾಯಿತಿ ಇದೆಯಂತೆ" ಎಂದು ಇಸಿದುಕೊಂಡು, ಪುಟ್ಟಿಯನ್ನು ಅಪ್ಪನ ಪಕ್ಕದಲ್ಲೇ ಬಿಟ್ಟು, ಕೌಂಟರಿಗೆ ನಡೆದಳು.

ಟಿಕೆಟ್ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿದಳು. "ಮಾಜಿ ಸೈನಿಕರ ಮನೆಯವರಿಗೆಲ್ಲ ಅರ್ಧ ಬೆಲೆ ಮೇಡಂ. ಕಾರ್ಡ್ ಇದ್ರೆ ಸಾಕು, ಅವರೇ ಬರ್ಬೇಕು ಅಂತೇನಿಲ್ಲ."

"ಬರ್ಬೇಕು ಅನ್ನಿ."

"ಹಾಂ?"

"ಖುದ್ದಾಗಿ ಬರ್ಲೇಬೇಕು, ಇಲ್ಲಾಂದ್ರೆ ರಿಯಾಯಿತಿ ಇಲ್ಲ ಅನ್ನಿ." ಅವಳು ಗಾಜಿನ ಕಿಂಡಿಗೆ ಬಾಗಿದಳು. "ಅಗೋ, ಆ ಬೂದು ಕಾರಲ್ಲಿ ಕೂತಿದಾರೆ. ನನ್ನ ಮಾತು ಅಂದ್ರೆ ಗಾಳಿಗೆ ತೂರ್ತಾರೆ. ರೂಲ್ಸ್ ಅಂದ್ರೆ ಎದ್ದು ನಿಲ್ತಾರೆ."

"ರಿಯಾಯಿತಿ ಕೊಡಿ ಅಂತ ಜಗಳ ಆಡೋರನ್ನ ದಿನಾ ನೋಡ್ತೀನಿ. ಕೊಡ್ಬೇಡಿ ಅನ್ನೋರನ್ನ ಇವತ್ತೇ ನೋಡಿದ್ದು" ಎಂದು ಹುಡುಗಿ ನಕ್ಕಳು. ಎದುರಿನವಳು ನಗಲಿಲ್ಲ. ಹುಡುಗಿ ಅವಳ ಮುಖ ನೋಡಿದಳು, ಬೂದು ಕಾರಿನ ಕಡೆ ನೋಡಿದಳು, ಕಿಂಡಿಗೆ ಹಲಗೆ ಅಡ್ಡವಿಟ್ಟು ಹೊರಗೆ ಬಂದೇಬಿಟ್ಟಳು. ಸಾಲಿನಲ್ಲಿದ್ದವರು ಗೊಣಗಿದರು.

ಕಾರಿನ ಕಿಟಕಿಯ ಬಳಿ ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು. "ಸರ್, ಕಾರ್ಡ್ ನಿಮ್ದೇ ಅಲ್ವಾ? ಗೇಟಲ್ಲಿ ಮುಖ ನೋಡ್ದೆ ಬಿಡೋ ಹಾಗಿಲ್ಲ. ರೂಲ್ಸು."

"ಹಾಗಾದ್ರೆ ಅವರಿಬ್ಬರಿಗೆ ಪೂರ್ತಿ ಬೆಲೆಗೇ ಕೊಟ್ಬಿಡಮ್ಮ."

ಹಿಂದೆಯೇ ಬಂದಿದ್ದ ಹೆಂಡತಿ ಇದನ್ನು ಯೋಚಿಸಿರಲಿಲ್ಲ. ಆದರೆ ಹುಡುಗಿ ಕಣ್ಣು ಮಿಟುಕಿಸದೆ ಹೇಳಿದಳು: "ಕಾರ್ಡ್ ಒಂದ್ಸಲ ತೋರ್ಸಾಯ್ತಲ್ಲ ಸರ್. ಈಗ ನೀವು ಬರ್ದಿದ್ರೆ ಮೇಲಿನವರಿಗೆ ನಾನು ಉತ್ತರ ಕೊಡ್ಬೇಕಾಗತ್ತೆ."

ಮೇಲಿನವರು ಎಂಬ ಮಾತಿಗೆ ಅವನು ತಲೆಯೆತ್ತಿ ಆ ಎಳೆಯ ಮುಖವನ್ನು ನೋಡಿದ. ಸ್ಟಿಯರಿಂಗ್‌ನಿಂದ ಕೈ ಬಿಡಿಸಿಕೊಂಡ. ಆಮೇಲೆ ಬಾಗಿಲು ತೆರೆದ.

ಗೋಡೆಗೆ ಆತುಕೊಂಡೇ ನಡೆದ. ಒಬ್ಬೊಬ್ಬರೇ ತಳ್ಳಿಕೊಂಡು ಹೋಗಬೇಕಾದ ತಿರುಗುಗೇಟಿನಲ್ಲಿ ಅವನಿದ್ದಾಗಲೇ ರೈಲು ತಲೆಯ ಮೇಲೆ ಹಾದುಹೋಯಿತು. ಅವನು ಅರ್ಧ ಕುಸಿದು ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡ. ಹಿಂದಿದ್ದ ದಪ್ಪ ಮನುಷ್ಯ "ಏನ್ರೀ, ಮುಂದೆ ಹೋಗ್ರೀ" ಅಂದ.

"ಹೋಗ್ತಾರೆ. ಕಾಯಿರಿ" ಎಂದಳು ಹೆಂಡತಿ. ಆ ದನಿಗೆ ದಪ್ಪ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದ.

ಆಗಲೇ ಒಳಹೋಗಿದ್ದ ಪುಟ್ಟಿ ಸರಳಿನ ಕೆಳಗೆ ನುಸುಳಿ ವಾಪಸ್ ಬಂದಳು. "ಅಪ್ಪಾ, ಅವರೆಲ್ಲ ಖುಷಿಗೆ ಕಿರುಚ್ತಿರೋದು."

"ಗೊತ್ತು ಪುಟ್ಟೀ. ನನ್ನ ಕಿವಿಗೆ ಗೊತ್ತಾಗಲ್ಲ."

ಅವಳು ಅವನ ಬೆರಳುಗಳ ಪಕ್ಕದಲ್ಲಿ ತನ್ನ ಬೆರಳುಗಳನ್ನೂ ಸರಳಿಗೆ ಸುತ್ತಿಕೊಂಡು ನಿಂತಳು. ರೈಲು ಇನ್ನೊಂದು ಸುತ್ತು ಬಂದು ಹೋಯಿತು. ಅವನ ಕುತ್ತಿಗೆಯಿಂದ ಬೆವರಿಳಿಯುತ್ತಿತ್ತು. ಹಲ್ಲು ಕಚ್ಚಿ, ಸೊಂಟದಿಂದ ಸರಳನ್ನು ತಳ್ಳಿ, ಅವನು ಒಳಗೆ ಬಂದ.

ಗೆದ್ದ ಮೇಲೆ ಹೆಂಡತಿಗೆ ಹೆದರಿಕೆ ಶುರುವಾಯಿತು. "ಅಲ್ಲಿ ಕಪ್-ಸಾಸರ್ ಆಟ ಇದೆ, ಮೆಲ್ಲಗೆ ಸುತ್ತತ್ತೆ. ಅದೊಂದರಲ್ಲಿ ಕೂತು ಮನೆಗೆ ಹೋಗ್ಬಿಡೋಣ."

"ಬೇಡ." ಅವನು ಮೇಲೆ ಕಂಬಿಗಳನ್ನೇ ನೋಡುತ್ತಿದ್ದ. "ಅದಕ್ಕೇ ಹೋಗೋಣ."

"ರೀ, ಹಠ ಮಾಡ್ಬೇಡಿ."

"ಆ ಹುಡುಗಿ ಕೈಲಿ ಸುಳ್ಳು ಹೇಳಿಸಿ ನನ್ನ ಎಳ್ಕೊಂಡು ಬಂದೋಳು ನೀನು. ಈಗ ನನ್ನ ಸರದಿ." ಅವನು ಕನ್ನಡಕ ತೆಗೆದು ಅವಳ ಕೈಗಿಟ್ಟ. "ದೂರ ನಿಂತು ಕೇಳ್ತಾ ಇದ್ರೆ ಇದು ನನ್ನ ಬಿಡಲ್ಲ ಕಣೇ. ಒಳಗೇ ಕೂತು ನೋಡ್ತೀನಿ."

ಅಪ್ಪ ಮಗಳು ಮುಂದಿನ ಸೀಟಿನಲ್ಲೇ ಕೂತರು. ಅವನ ಕನ್ನಡಕ, ಚಪ್ಪಲಿ ಹಿಡಿದುಕೊಂಡು ಅವಳು ಕೆಳಗೆ ಬೇಲಿಯ ಬಳಿ ನಿಂತಳು. ರೈಲು ತೆವಳುತ್ತ ತುದಿಗೇರಿತು, ಒಂದು ಕ್ಷಣ ನಿಂತಿತು, ಬಿತ್ತು. ಎಲ್ಲರ ಕೂಗಿನ ನಡುವೆ ಒಂದು ಒಡಕು ಗಂಡಸಿನ ಕೂಗು, ಕರುಳಿನಿಂದ ಕಿತ್ತುಕೊಂಡು ಬಂದಂಥದು, ಉಳಿದೆಲ್ಲಕ್ಕಿಂತ ಜೋರಾಗಿ ಕೇಳಿತು. ಸಾವಿರ ದನಿಯಲ್ಲೂ ಅವಳು ಅದನ್ನು ಗುರುತಿಸಬಲ್ಲಳು. ಮನೆಯಲ್ಲಿ ಅವನು ನಿದ್ದೆಯಲ್ಲಿ ಹೀಗೆ ಕೂಗಿದರೆ ಅಕ್ಕಪಕ್ಕದ ಕಿಟಕಿಗಳಲ್ಲಿ ದೀಪ ಹೊತ್ತಿಕೊಳ್ಳುತ್ತಿದ್ದವು.

ಇಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.